ಮೂಗು, ಬಾಲ, ಮುಂಗೈ: ಅಮೆರಿಕದ ಉಷ್ಣವಲಯದಲ್ಲಿ ಬಾವಲಿ ಸಮೀಕ್ಷೆ ಮಾಡುವ ಕ್ರಮ

ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಗಾಟುನ್ ಸರೋವರ ತುಂಬಿತು, ಮುಳುಗದೆ ಉಳಿದ ಒಂದು ಗುಡ್ಡದ ನೆತ್ತಿ ದ್ವೀಪವಾಯಿತು. ಬಾರೊ ಕೊಲೊರಾಡೊ ಎಂಬ ಆ ದ್ವೀಪದ ವಿಸ್ತೀರ್ಣ 16 ಚದರ ಕಿಲೋಮೀಟರಿಗೂ ತುಸು ಕಡಿಮೆ. ಅಷ್ಟರಲ್ಲೇ 70ಕ್ಕೂ ಹೆಚ್ಚು ಪ್ರಭೇದದ ಬಾವಲಿಗಳು ದಾಖಲಾಗಿವೆ. ಫ್ರೆಂಚ್ ಗಯಾನಾದ ಪಾರಕೂ ಕಾಡಿನಿಂದ 1998ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 78 ಪ್ರಭೇದಗಳಿದ್ದವು, ಗಯಾನಾದ ಇವೊಕ್ರಾಮಾದಲ್ಲಿ 86. ಹಿಮಾಲಯದಿಂದ ಅಂಡಮಾನ್‌ವರೆಗೆ ಇಡೀ ಭಾರತದಲ್ಲಿ ಗುರುತಾಗಿರುವ ಬಾವಲಿಗಳೇ ಸುಮಾರು 130 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಸಂಖ್ಯೆಗಳ ತೂಕ ತಿಳಿಯುತ್ತದೆ.

ಇಂಥ ಪಟ್ಟಿಗಳು ಯಾವುದೋ ಒಂದೇ ಉಪಾಯದಿಂದ ಬಂದವಲ್ಲ. ನೆಲಮಟ್ಟದಲ್ಲಿ ಬಲೆ ಕಟ್ಟಿದವರಿಗೆ ಒಂದು ಗುಂಪು ಸಿಗುತ್ತದೆ, ಧ್ವನಿ ದಾಖಲಿಸಿದವರಿಗೆ ಬೇರೆಯದೇ ಗುಂಪು, ಹಗಲಲ್ಲಿ ಎಲೆಯಡಿ ಇಣುಕಿದವರಿಗೆ ಮತ್ತೊಂದು. ಬಲೆಯೊಂದನ್ನೇ ನಂಬಿದರೆ ಕಾಡಿನ ಅರ್ಧ ಬಾವಲಿಗಳು ಇಲ್ಲವೇ ಇಲ್ಲ ಎಂಬ ತೀರ್ಮಾನಕ್ಕೆ ಬರುತ್ತೀರಿ. ಮಧ್ಯ ಅಥವಾ ದಕ್ಷಿಣ ಅಮೆರಿಕದ ಕ್ಷೇತ್ರ ಕೇಂದ್ರಗಳಿಗೆ ತರಬೇತಿಗೋ ಸಂಶೋಧನೆಗೋ ಹೊರಟಿರುವ ಜೀವಶಾಸ್ತ್ರದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಬರೆದಿದೆ. ಉದಾಹರಣೆಗಳು ಹೆಚ್ಚಾಗಿ ಪನಾಮಾ ಮತ್ತು ಕೋಸ್ಟರಿಕಾದ ತಗ್ಗುನಾಡಿನ ಮಳೆಕಾಡಿನವು.

ಮೊದಲು ತಲೆಯಲ್ಲಿರಬೇಕಾದ ವರ್ಗೀಕರಣ

ಹಣ್ಣು ತಿನ್ನುವ ದೊಡ್ಡ ಬಾವಲಿ ಒಂದು ಕಡೆ, ಹುಳ ಹಿಡಿಯುವ ಸಣ್ಣ ಕಣ್ಕಪ್ಪಡಿ ಇನ್ನೊಂದು ಕಡೆ ಎಂಬ ನಮ್ಮೂರಿನ ವಿಂಗಡಣೆಯನ್ನು ಇಲ್ಲೇ ಬಿಟ್ಟು ಹೋಗಿ. ಆಲದ ಮರದಲ್ಲಿ ಜೋತುಬೀಳುವ ನಮ್ಮ ತೊಗಲುಬಾವಲಿಯ ಕುಟುಂಬವಾದ ಟೆರೊಪೊಡಿಡೆ ಅಮೆರಿಕ ಖಂಡಗಳಲ್ಲಿ ಇಲ್ಲವೇ ಇಲ್ಲ. ಅಲ್ಲಿ ಹಣ್ಣು ತಿನ್ನುವ ಬಾವಲಿಗಳೆಲ್ಲ ಹುಳ ತಿನ್ನುತ್ತಿದ್ದ ಪೂರ್ವಜರಿಂದ, ಫಿಲ್ಲೊಸ್ಟೊಮಿಡೆ ಎಂಬ ಒಂದೇ ಕುಟುಂಬದೊಳಗೆ ಮೂಡಿಬಂದವು. 220ಕ್ಕೂ ಹೆಚ್ಚು ಪ್ರಭೇದಗಳ ಈ ಕುಟುಂಬದಲ್ಲಿ ಹಣ್ಣು, ಮಕರಂದ, ಕೀಟ, ಕಪ್ಪೆ, ಹಕ್ಕಿ, ಕೊನೆಗೆ ರಕ್ತ ಕುಡಿದು ಬದುಕುವವೂ ಇವೆ. ಸಸ್ತನಿಗಳ ಬೇರೆ ಯಾವ ಕುಟುಂಬವೂ ಊಟದಲ್ಲಿ ಇಷ್ಟು ಕವಲೊಡೆದಿಲ್ಲ.

ಉಷ್ಣವಲಯದ ಅಮೆರಿಕದಲ್ಲಿ ಒಟ್ಟು ಒಂಬತ್ತು ಕುಟುಂಬಗಳು. ಫಿಲ್ಲೊಸ್ಟೊಮಿಡೆ, ಮೋರ್ಮೂಪಿಡೆ, ನಾಕ್ಟಿಲಿಯೊನಿಡೆ, ಥೈರಾಪ್ಟೆರಿಡೆ, ಫ್ಯುರಿಪ್ಟೆರಿಡೆ, ನಟಾಲಿಡೆ ಈ ಆರು ಆ ಭೂಭಾಗದ ಸ್ವಂತ ಆಸ್ತಿ. ಎಂಬಲನ್ಯೂರಿಡೆ, ಮೊಲೊಸಿಡೆ, ವೆಸ್ಪರ್ಟಿಲಿಯೊನಿಡೆ ಮೂರೂ ಭಾರತದಲ್ಲೂ ಇವೆ, ಆದ್ದರಿಂದ ಇಲ್ಲಿ ಕಣ್ಕಪ್ಪಡಿಗಳನ್ನು ಕೈಯಲ್ಲಿ ಹಿಡಿದು ಅಭ್ಯಾಸವಿದ್ದವರಿಗೆ ಈ ಮೂರು ಹೊಸದೆನಿಸುವುದಿಲ್ಲ.

ಭಾರತದಿಂದ ಹೋದವರು ಎಡವುವ ಜಾಗ ಒಂದಿದೆ. ನಮ್ಮ ಕುದುರೆಲಾಳ ಬಾವಲಿಗಳಿಗೂ ಹಿಪ್ಪೊಸಿಡೆರಸ್ ಕುಲದವಕ್ಕೂ ಮೂಗಿನ ಮೇಲೆ ಎಲೆಯಂಥ ಚರ್ಮವಿದೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಅಳಿವಿನಂಚಿನ ಹಿಪ್ಪೊಸಿಡೆರಸ್ ಹೈಪೊಫಿಲಸ್ ಇದಕ್ಕೆ ಒಳ್ಳೆಯ ಉದಾಹರಣೆ. ಆದರೆ ವಂಶವೃಕ್ಷದಲ್ಲಿ ಅವು ಯಿನ್‌ಟೆರೊಕೈರಾಪ್ಟೆರಾ ಎಂಬ ಕೊಂಬೆಗೆ ಸೇರಿದವು, ಅಂದರೆ ತೊಗಲುಬಾವಲಿಗೆ ಹತ್ತಿರದವು. ಅಮೆರಿಕದ ಒಂಬತ್ತೂ ಕುಟುಂಬಗಳು ಯಾಂಗೊಕೈರಾಪ್ಟೆರಾ ಎಂಬ ಇನ್ನೊಂದು ಕೊಂಬೆಯವು. ಮೂಗೆಲೆ ಎರಡೂ ಕಡೆ ಬೇರೆಬೇರೆಯಾಗಿ ಹುಟ್ಟಿತು. ಹೀಗಾಗಿ ಮೂಗೆಲೆ ಕಂಡ ಕೂಡಲೇ ಫಿಲ್ಲೊಸ್ಟೊಮಿಡೆ ಎನ್ನುವ ನಿಯಮ ಅಮೆರಿಕದೊಳಗೆ ಮಾತ್ರ ನಡೆಯುತ್ತದೆ.

ಹೊರಡುವ ಮುನ್ನ: ಲಸಿಕೆ, ಪರವಾನಗಿ, ಸಾಮಾನು

ರೇಬಿಸ್ ಎಂದರೆ ನಾಯಿ ಎಂಬುದು ನಮ್ಮ ಅನುಭವ. ಲ್ಯಾಟಿನ್ ಅಮೆರಿಕದಲ್ಲಿ ನಾಯಿಯ ರೇಬಿಸ್ ಬಹುಮಟ್ಟಿಗೆ ಹತೋಟಿಗೆ ಬಂದಿದ್ದು, ಮನುಷ್ಯರಿಗೆ ಅಂಟುವ ಮುಖ್ಯ ದಾರಿ ಈಗ ರಕ್ತಪಾಯಿ ಬಾವಲಿ. ಈ ನಂಟನ್ನು 1930ರ ದಶಕದಲ್ಲೇ ಟ್ರಿನಿಡಾಡ್‌ನ ವೈದ್ಯ ಜೋಸೆಫ್ ಲೆನಾಕ್ಸ್ ಪವಾನ್ ತೋರಿಸಿಕೊಟ್ಟರು. ಬಾವಲಿ ಮುಟ್ಟುವ ಪ್ರತಿಯೊಬ್ಬರೂ ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಂಡಿರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಹೇಳುತ್ತಿರುವ ಕ್ರಮದಲ್ಲಿ 0 ಮತ್ತು 7ನೇ ದಿನ, ಎರಡು ಡೋಸ್. ವರ್ಷಗಟ್ಟಲೆ ಈ ಕೆಲಸದಲ್ಲಿರುವವರು ರಕ್ತದಲ್ಲಿನ ಪ್ರತಿಕಾಯದ ಮಟ್ಟ ಪರೀಕ್ಷಿಸಿಕೊಳ್ಳಬೇಕು, ಅದು ಮಿಲಿಲೀಟರಿಗೆ 0.5 ಅಂತಾರಾಷ್ಟ್ರೀಯ ಯೂನಿಟ್‌ಗಿಂತ ಕೆಳಗಿಳಿದರೆ ಬೂಸ್ಟರ್ ಬೇಕು. ಲಸಿಕೆ ಆಗಿದ್ದರೂ ಕಚ್ಚಿಸಿಕೊಂಡರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಒಂದು ಮತ್ತು 3ನೇ ದಿನ ಇನ್ನೊಂದು ಡೋಸ್ ಹಾಕಿಸಿಕೊಳ್ಳುವುದು ವಾಡಿಕೆ. ಇದನ್ನು ಸ್ಥಳೀಯ ವೈದ್ಯರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ, ಕಚ್ಚಿದ ಮೇಲೆ ಆಸ್ಪತ್ರೆ ಹುಡುಕುವ ಸ್ಥಿತಿ ಬರಬಾರದು.

ಗುಹೆ ಅಥವಾ ಟೊಳ್ಳು ಮರದೊಳಗೆ ಹೋಗುವುದಿದ್ದರೆ ಕನಿಷ್ಠ ಎನ್95 ಮುಖಗವಸು ಬೇಕು. ಬಾವಲಿಯ ಹಿಕ್ಕೆಯಲ್ಲಿ ಬೆಳೆಯುವ ಹಿಸ್ಟೊಪ್ಲಾಸ್ಮಾ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯುತ್ತದೆ. ಉತ್ತರ ಅಮೆರಿಕದ ಗುಹೆಗಳಲ್ಲಿ ಬಳಸಿದ ಬೂಟು, ಹಗ್ಗ, ಬಟ್ಟೆಗಳನ್ನು ದಕ್ಷಿಣಕ್ಕೆ ಒಯ್ಯಲೇಬೇಡಿ, ಶಿಲೀಂಧ್ರದಿಂದ ಬಂದು ಬಾವಲಿಗಳನ್ನು ಕೊಲ್ಲುವ ಬಿಳಿಮೂಗು ರೋಗದ ಬೀಜಕಣ ಅವುಗಳಲ್ಲಿ ಉಳಿದಿರಬಹುದು.

ಪರವಾನಗಿ ಪ್ರತಿ ದೇಶದಲ್ಲೂ ಬೇರೆ. ಪನಾಮಾದಲ್ಲಿ ಪರಿಸರ ಸಚಿವಾಲಯ, ಕೋಸ್ಟರಿಕಾದಲ್ಲಿ ಸಂರಕ್ಷಿತ ಪ್ರದೇಶಗಳನ್ನು ನೋಡಿಕೊಳ್ಳುವ ಸಿನಾಕ್, ಪೆರುವಿನಲ್ಲಿ ಅರಣ್ಯ ಮತ್ತು ವನ್ಯಜೀವಿ ಸಂಸ್ಥೆಯಾದ ಸೆರ್ಫೋರ್, ಬ್ರೆಜಿಲ್‌ನಲ್ಲಿ ಸಿಸ್‌ಬಿಯೊ ಎಂಬ ಪರವಾನಗಿ ವ್ಯವಸ್ಥೆ. ಹಿಡಿದು ಬಿಡುವುದಕ್ಕೆ ಒಂದು ಅನುಮತಿ, ಅಂಗಾಂಶದ ಮಾದರಿ ತೆಗೆಯಲು ಇನ್ನೊಂದು, ಅದನ್ನು ದೇಶದಾಚೆ ಕಳಿಸಲು ಮತ್ತೊಂದು. ಮೂರನ್ನೂ ಒಂದೇ ಅರ್ಜಿಯೆಂದು ತಿಳಿದರೆ ಮಾದರಿಗಳು ಫ್ರೀಜರಿನಲ್ಲೇ ಉಳಿಯುತ್ತವೆ.

ಬಲೆಗಳ ವಿಷಯದಲ್ಲಿ ಜಿಪುಣತನ ಬೇಡ. 12 ಮೀಟರ್ ಉದ್ದ, 2.5 ಮೀಟರ್ ಎತ್ತರ, 36ರಿಂದ 38 ಮಿಲಿಮೀಟರ್ ಕಣ್ಣಿನ ಕಪ್ಪು ನೈಲಾನ್ ಮಿಸ್ಟ್ ನೆಟ್ (ಕಣ್ಣಿಗೆ ಕಾಣದಷ್ಟು ತೆಳು ನೂಲಿನ ಬಲೆ) ಆರು ಇದ್ದರೆ ಒಂದು ತಂಡಕ್ಕೆ ಸಾಕು. ಕಿರಿದಾದ ಕಾಡುಹಾದಿಗೆಂದು 6 ಮೀಟರಿನವು ಎರಡು ಇರಲಿ. ಉಳಿದದ್ದು: 60, 100, 300 ಗ್ರಾಂ ಸ್ಪ್ರಿಂಗ್ ತಕ್ಕಡಿಗಳು, ಮಿಲಿಮೀಟರಿನ ಹತ್ತನೇ ಒಂದು ಭಾಗ ಓದುವ ಕ್ಯಾಲಿಪರ್, ಕನಿಷ್ಠ 40 ಹತ್ತಿಬಟ್ಟೆಯ ಚೀಲ, ಕ್ರೋಶಾ ಕಡ್ಡಿ, ಚೂಪು ತುದಿಯ ಸಣ್ಣ ಕತ್ತರಿ, ತಲೆದೀಪ ಮತ್ತು ಮೀಸಲು ಬ್ಯಾಟರಿ, ನೀರಿಗೆ ಅಳಿಸದ ಪುಸ್ತಕ ಮತ್ತು ಪೆನ್ಸಿಲ್. ಕೈಗವಸು ಎರಡು ಬಗೆಯದು ಬೇಕು. ವ್ಯಾಂಪೈರಂ ಸ್ಪೆಕ್ಟ್ರಂ, ಫಿಲ್ಲೊಸ್ಟೊಮಸ್ ಹಸ್ಟಾಟಸ್, ದೊಡ್ಡ ಆರ್ಟಿಬಿಯಸ್‌ಗಳಂಥ ದೊಡ್ಡ ಬಾವಲಿಗಳಿಗೆ ದಪ್ಪ ತೊಗಲಿನದು. ಐದಾರು ಗ್ರಾಮಿನ ಬಾವಲಿಗೆ ಅದೇ ಗವಸು ಹಾಕಿದರೆ ಬೆರಳಿಗೆ ಹಿಡಿತದ ಅಂದಾಜು ಸಿಗದೆ ಅದರ ಬೆರಳೆಲುಬು ಮುರಿಯುತ್ತದೆ, ಅವಕ್ಕೆ ತೆಳು ಗವಸು ಹಾಕಿ.

ಬಲೆ ಎಲ್ಲಿ, ಯಾವಾಗ

ಕಾಡುಹಾದಿಗೆ ಅಡ್ಡಲಾಗಿ, ತೊರೆಯ ಮೇಲೆ, ಮರ ಬಿದ್ದು ತೆರವಾದ ಜಾಗದ ಅಂಚಿನಲ್ಲಿ, ಕಾಡುಮೆಣಸಿನ ಬಳಗದ ಪೈಪರ್ ಪೊದೆಗಳ ನಡುವೆ ಕಟ್ಟಿ. ಬಲೆಯ ಹಿಂದೆ ಕಡುಗಪ್ಪು ಹಿನ್ನೆಲೆ ಇದ್ದರೆ ಒಳ್ಳೆಯದು. ಹಗ್ಗಗಳನ್ನು ಬಿಗಿದು, ಅಡ್ಡಪಟ್ಟಿಗಳ ನಡುವಿನ ಜಾಲವನ್ನು ಮಾತ್ರ ಸಡಿಲ ಬಿಟ್ಟು ಜೋಳಿಗೆ ಮಾಡಬೇಕು. ಜಾಲ ಬಿಗಿಯಾಗಿದ್ದರೆ ಬಾವಲಿ ಚೆಂಡಿನಂತೆ ಪುಟಿದು ಹೊರಟೇಹೋಗುತ್ತದೆ. ಕೆಳಗಿನ ಜೋಳಿಗೆ ನೆಲದಿಂದ ಅರ್ಧ ಮೀಟರಾದರೂ ಮೇಲಿರಲಿ, ಇಲ್ಲದಿದ್ದರೆ ಹೊಟ್ಟೆಚೀಲದ ಪ್ರಾಣಿಗಳಾದ ಅಪೊಸಮ್‌ಗಳು ಬಂದು ಸಿಕ್ಕಿಬಿದ್ದ ಬಾವಲಿಯನ್ನು ತಿಂದುಬಿಡುತ್ತವೆ. ಒಮ್ಮೆ ರುಚಿ ಕಂಡ ಅಪೊಸಮ್ ಆ ಬಲೆಯ ಕಾಯಂ ಗಿರಾಕಿ. ಎಲೆ ಕತ್ತರಿಸುವ ಇರುವೆಗಳ ಸಾಲು ಹಾದುಹೋಗುವ ಕಡೆ ಬಲೆಯ ನೂಲೂ ಕತ್ತರಿಸಿಹೋಗಬಹುದು.

ಹಣ್ಣಾದ ಅತ್ತಿಮರದ ಬುಡ ಎಲ್ಲರನ್ನೂ ಸೆಳೆಯುವ ಜಾಗ, ಆದರೆ ಮೊದಲ ಸಲದ ತಂಡ ಅಲ್ಲಿ ಬಲೆ ಬಿಚ್ಚದಿರುವುದೇ ವಾಸಿ. ಅತ್ತಿಹಣ್ಣು ತಿನ್ನುವ ಆರ್ಟಿಬಿಯಸ್ ಜಮೈಸೆನ್ಸಿಸ್ ಗುಂಪುಗುಂಪಾಗಿ ಬೀಳುತ್ತದೆ, ಸಿಕ್ಕಿಬಿದ್ದ ಒಂದರ ಕಿರುಚಾಟಕ್ಕೆ ಇನ್ನಷ್ಟು ಬಂದು ಸೇರುತ್ತವೆ. ಬಿಡಿಸುವ ಕೈಗಳಿಗಿಂತ ಬಾವಲಿಗಳ ಸಂಖ್ಯೆ ಹೆಚ್ಚಾದ ಕ್ಷಣವೇ ಉಳಿದ ಬಲೆಗಳನ್ನು ಸುತ್ತಿಬಿಡಿ. ಸಂಖ್ಯೆಗಾಗಿ ಹಟ ಹಿಡಿದರೆ ರೆಕ್ಕೆ ಹರಿಯುತ್ತದೆ, ಉಸಿರುಕಟ್ಟಿ ಸಾಯುತ್ತವೆ. ಮೇಲಾಗಿ ಒಂದೇ ಮರದಡಿಯ ಲೆಕ್ಕ ಕಾಡಿನ ಲೆಕ್ಕವಾಗುವುದಿಲ್ಲ.

ಬಲೆಯನ್ನು ಹಗಲಲ್ಲೇ ಕಟ್ಟಿ, ಸುತ್ತಿಟ್ಟು, ಹಕ್ಕಿಗಳು ಕೂತ ಮೇಲೆ ಮುಸ್ಸಂಜೆಗೆ ಬಿಚ್ಚಿ. ಹೆಚ್ಚಿನ ಹಿಡಿತ ಮೊದಲ ಮೂರುನಾಲ್ಕು ಗಂಟೆಗಳಲ್ಲೇ ಆಗುತ್ತದೆ, ಆರು ಗಂಟೆ ನಡೆಸುವುದು ಸಾಮಾನ್ಯ ರೂಢಿ. ಪ್ರತಿ 15 ನಿಮಿಷಕ್ಕೊಮ್ಮೆ ಎಲ್ಲ ಬಲೆ ನೋಡಿ ಬರಬೇಕು. ತಡವಾದರೆ ಬಾವಲಿ ಸುತ್ತಿಕೊಳ್ಳುವುದಷ್ಟೇ ಅಲ್ಲ, ಜಾಲವನ್ನು ಕಚ್ಚಿ ತೂತು ಮಾಡಿಕೊಂಡು ಹೋಗುತ್ತದೆ. ಫಿಲ್ಲೊಸ್ಟೊಮಸ್ ಈ ಕೆಲಸದಲ್ಲಿ ನಿಸ್ಸೀಮ. ಮಳೆ ಬಂದರೆ ಮುಚ್ಚಿ.

ಬೆಳದಿಂಗಳಲ್ಲಿ ಹಣ್ಣುತಿನ್ನಿಗಳ ಓಡಾಟ ಕುಗ್ಗುತ್ತದೆ. ಬಾರೊ ಕೊಲೊರಾಡೊದಲ್ಲಿ ಆರ್ಟಿಬಿಯಸ್ ಮೇಲೆ 1970ರ ದಶಕದಲ್ಲಿ ನಡೆದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಸಾಧ್ಯವಾದರೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನು ಆರಿಸಿಕೊಳ್ಳಿ, ಆಗದಿದ್ದರೆ ಚಂದ್ರ ಎಷ್ಟು ಹೊತ್ತಿಗೆ ಹುಟ್ಟಿದ, ಮೋಡವಿತ್ತೇ ಎಂಬುದನ್ನಾದರೂ ಬರೆದಿಡಿ. ಒಂದೇ ಜಾಗದಲ್ಲಿ ಸತತ ಎರಡು ರಾತ್ರಿಗಿಂತ ಹೆಚ್ಚು ಬಲೆ ಕಟ್ಟಬೇಡಿ. ಬಾವಲಿಗಳಿಗೆ ನೆನಪಿನ ಶಕ್ತಿ ಚೆನ್ನಾಗಿದೆ, ಮೂರನೆಯ ರಾತ್ರಿ ಬಲೆಯ ಮೇಲಿಂದ ಹಾರುತ್ತವೆ.

ಬಿಡಿಸುವುದು, ಚೀಲದಲ್ಲಿಡುವುದು

ಬಾವಲಿ ಬಲೆಯ ಯಾವ ಬದಿಯಿಂದ ಹೊಕ್ಕಿದೆ ಎಂದು ಮೊದಲು ಕಂಡುಕೊಳ್ಳಿ. ಹೊಕ್ಕ ಬದಿಯಿಂದಲೇ ಬಿಡಿಸಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಮೊದಲು ಕಾಲು, ಆಮೇಲೆ ಬಾಲಪೊರೆ (ಎರಡು ಕಾಲುಗಳ ನಡುವಿನ ಚರ್ಮದ ಪೊರೆ), ಒಂದು ರೆಕ್ಕೆ, ಇನ್ನೊಂದು ರೆಕ್ಕೆ, ಕೊನೆಗೆ ತಲೆ. ನೂಲನ್ನು ಎಳೆಯುವ ಬದಲು ಬಾವಲಿಯಿಂದ ಜಾರಿಸಿ. ಕಚ್ಚುವ ಬಾಯಿಗೆ ಚೀಲದ ಮೂಲೆಯನ್ನು ಕೊಟ್ಟರೆ ಅದು ಅದನ್ನೇ ಹಿಡಿದುಕೊಂಡು ಸುಮ್ಮನಿರುತ್ತದೆ. ಐದು ನಿಮಿಷದಲ್ಲಿ ದಾರಿ ಕಾಣದಿದ್ದರೆ ಒಂದೆರಡು ಎಳೆ ಕತ್ತರಿಸಿಬಿಡಿ.

ಒಂದು ಚೀಲಕ್ಕೆ ಒಂದೇ ಬಾವಲಿ. ಚೀಲಗಳನ್ನು ನೆಲದಲ್ಲಿಡಬೇಡಿ, ಗಿಡದ ರೆಂಬೆಗೂ ತಗುಲಿಸಬೇಡಿ. ಎಸಿಟಾನ್ ಸೈನಿಕ ಇರುವೆಗಳ ದಂಡು ಹಾದುಹೋದರೆ ಚೀಲದೊಳಗಿನ ಬಾವಲಿ ಜೀವಂತ ಉಳಿಯುವುದಿಲ್ಲ. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಹಗ್ಗದ ಎರಡೂ ತುದಿಗೆ ಗ್ರೀಸ್ ಸವರಿ ತೂಗುಹಾಕಿ.

ಯಾವುದನ್ನು ಮೊದಲು ಬಿಡಬೇಕು? ಮರಿ ಹೊತ್ತ, ಹಾಲೂಡಿಸುವ, ಬಸಿರಿನ ಹೆಣ್ಣುಗಳನ್ನು. ಅನಂತರ ಮಕರಂದ ಕುಡಿಯುವ ಸಣ್ಣವನ್ನು. ಅವುಗಳ ಚಯಾಪಚಯ ಎಷ್ಟು ಚುರುಕೆಂದರೆ ಗಂಟೆ ಕಳೆಯುವಷ್ಟರಲ್ಲಿ ನಿತ್ರಾಣವಾಗುತ್ತವೆ. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ಡ್ರಾಪರಿನಲ್ಲಿ ಕುಡಿಸಿ ಬಿಡಿ. ರಕ್ತಪಾಯಿಗಳನ್ನೂ ತಡೆದು ನಿಲ್ಲಿಸಬೇಡಿ, ಎರಡುಮೂರು ರಾತ್ರಿ ಹಸಿದರೆ ಸಾಯುವ ಪ್ರಾಣಿ ಅದು. ಗೂಡಿನ ಸಂಗಾತಿಗಳು ತಮ್ಮ ಹೊಟ್ಟೆಯ ರಕ್ತವನ್ನು ಕಕ್ಕಿ ಹಂಚಿಕೊಳ್ಳುವ ರೂಢಿ ಬೆಳೆದದ್ದು ಈ ಕಾರಣಕ್ಕೆ.

ಗುರುತು ಹಿಡಿಯುವ ಕ್ರಮ

ಪುಸ್ತಕದ ಚಿತ್ರ ನೋಡಿ ಬಣ್ಣ ಹೊಂದಿಸಲು ಹೊರಟರೆ ಮೊದಲ ರಾತ್ರಿಯೇ ದಾರಿ ತಪ್ಪುತ್ತದೆ. ಒಂದೇ ಪ್ರಭೇದದಲ್ಲಿ ಕಂದು, ಕಿತ್ತಳೆ, ಬೂದು ಮೂರೂ ಇರಬಹುದು. ಮೂಗು, ಬಾಲ, ಮುಂಗೈ ಈ ಅನುಕ್ರಮ ಬಿಡಬೇಡಿ.

ಮೂಗು. ಎಲೆ ಇದ್ದರೆ ಫಿಲ್ಲೊಸ್ಟೊಮಿಡೆ. ಎರಡು ಅಪವಾದ ನೆನಪಿರಲಿ. ರಕ್ತಪಾಯಿಗಳ ಮೂಗೆಲೆ ಕುಗ್ಗಿ ಚಪ್ಪಟೆ ಮೆತ್ತೆಯಾಗಿದೆ, ಮುಖವೆಲ್ಲ ಸುಕ್ಕುಗಟ್ಟಿದ ಸೆಂಟುರಿಯೊ ಸೆನೆಕ್ಸ್‌ಗೆ ಎಲೆಯೇ ಇಲ್ಲ. ಅದರ ಮುಖವನ್ನು ಒಮ್ಮೆ ನೋಡಿದವರು ಬೇರೆ ಯಾವುದಕ್ಕೂ ಹೋಲಿಸಲಾರರು.

ಬಾಲ. ಎಲೆಯಿಲ್ಲದವನ್ನು ಬಾಲ ನೋಡಿ ವಿಂಗಡಿಸಿ. ಬಾಲಪೊರೆಯ ಅಂಚು ದಾಟಿ ಇಲಿಯ ಬಾಲದಂತೆ ಅರ್ಧದಷ್ಟು ಹೊರಚಾಚಿದ್ದರೆ ಮೊಲೊಸಿಡೆ. ಅಂಚಿನವರೆಗೂ ಪೊರೆಯೊಳಗೇ ಇದ್ದರೆ ವೆಸ್ಪರ್ಟಿಲಿಯೊನಿಡೆ ಅಥವಾ ನಟಾಲಿಡೆ. ನಟಾಲಿಡೆಯ ಕಿವಿ ಆಲಿಕೆಯಾಕಾರ, ಕಾಲು ಅತಿ ಉದ್ದ. ಬಾಲದ ತುದಿ ಪೊರೆಯ ಮೇಲ್ಮೈಯನ್ನು ತೂರಿ ನಡುವೆ ಎದ್ದಿದ್ದರೆ ಮೂರು ಸಾಧ್ಯತೆ. ಮೇಲ್ದುಟಿ ನಡುವೆ ಸೀಳಿದ್ದು, ಕಾಲುಗುರು ಕೊಕ್ಕೆಯಂತೆ ದೊಡ್ಡದಾಗಿದ್ದರೆ ನಾಕ್ಟಿಲಿಯೊನಿಡೆ, ಅದರಲ್ಲೂ ಮುಂಗೈ 80 ಮಿಲಿಮೀಟರ್ ದಾಟಿದ್ದರೆ ಮೀನು ಹಿಡಿಯುವ ನಾಕ್ಟಿಲಿಯೊ ಲೆಪೊರೈನಸ್. ತುಟಿಗಳು ಮಡಿಕೆಮಡಿಕೆಯಾಗಿ ಆಲಿಕೆಯಂತೆ ಸುತ್ತಿಕೊಂಡಿದ್ದರೆ ಮೋರ್ಮೂಪಿಡೆ. ಅವುಗಳಲ್ಲಿ ಎರಡು ರೆಕ್ಕೆಪೊರೆಗಳೂ ಬೆನ್ನ ಮೇಲೆ ಕೂಡಿ ಬೆನ್ನೇ ಬೋಳಾಗಿ ಕಾಣುವವು ಟೆರೊನೋಟಸ್ ಡೇವಿ, ಟೆರೊನೋಟಸ್ ಜಿಮ್ನೊನೋಟಸ್. ತುಟಿ ಸರಳವಾಗಿದ್ದರೆ ಎಂಬಲನ್ಯೂರಿಡೆ, ಗಂಡುಗಳ ರೆಕ್ಕೆಪೊರೆಯಲ್ಲಿ ಗಂಧದ ಚೀಲವಿದೆಯೇ, ಎಲ್ಲಿದೆ ಎಂದು ನೋಡಿ ಕುಲ ನಿರ್ಧರಿಸಿ. ಹೆಬ್ಬೆರಳಿನ ಬುಡದಲ್ಲೂ ಪಾದದಲ್ಲೂ ದುಂಡನೆಯ ಹೀರುಬಿಲ್ಲೆಗಳಿದ್ದರೆ ಅದು ಥೈರಾಪ್ಟೆರಾ. ಹೆಬ್ಬೆರಳೇ ಇಲ್ಲವೆನ್ನುವಷ್ಟು ಸಣ್ಣದಾಗಿ ಪೊರೆಯಲ್ಲಿ ಹುದುಗಿದ್ದರೆ ಫ್ಯುರಿಪ್ಟೆರಸ್.

ಮುಂಗೈ. ರೆಕ್ಕೆ ಮಡಿಸಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಅಳೆಯಿರಿ. ಮೂರು ಸಲ ಅಳೆದು ನಡುವಿನ ಸಂಖ್ಯೆ ಬರೆಯಿರಿ. ಅದಕ್ಕೂ ಮುನ್ನ ಬೆರಳಿನ ಗಿಣ್ಣನ್ನು ದೀಪಕ್ಕೆ ಹಿಡಿದು ನೋಡಿ. ಬೆಳಕು ದಾಟುವ ಮೃದ್ವಸ್ಥಿಯ ಪಟ್ಟಿ ಕಂಡರೆ ಅದು ಮರಿ, ಗಿಣ್ಣು ದುಂಡಗೆ ಗಟ್ಟಿಯಾಗಿದ್ದರೆ ವಯಸ್ಕ. ಮರಿಯ ಅಳತೆಯಿಂದ ಪ್ರಭೇದ ನಿರ್ಧರಿಸಿದರೆ ದೊಡ್ಡ ಪ್ರಭೇದದ ಮರಿ ಸಣ್ಣ ಪ್ರಭೇದವಾಗಿ ಪಟ್ಟಿ ಸೇರುತ್ತದೆ. ಪಟ್ಟಿಗಳಲ್ಲಿ ಅತಿ ಹೆಚ್ಚು ನುಸುಳುವ ತಪ್ಪು ಇದೇ.

ಈಗ ಫಿಲ್ಲೊಸ್ಟೊಮಿಡೆಯೊಳಕ್ಕೆ. ಇದರಲ್ಲಿ ಹನ್ನೊಂದು ಉಪಕುಟುಂಬಗಳನ್ನು ಎಣಿಸುತ್ತಾರೆ, ಕೈಯಲ್ಲಿ ಹಿಡಿದಾಗ ನಾಲ್ಕೈದು ರೂಪಗಳೆಂದು ನೋಡಿದರೆ ಸಾಕು.

ಮುಖ ಮೋಟು, ದವಡೆ ಅಗಲ, ಬಾಲವಿಲ್ಲ, ಕಣ್ಣಿನ ಮೇಲೆ ಕೆಳಗೆ ಬಿಳಿ ಪಟ್ಟೆಗಳಿದ್ದರೆ ಸ್ಟೆನೊಡರ್ಮಟಿನೆ, ಅಂದರೆ ಅತ್ತಿಹಣ್ಣಿನ ಗಿರಾಕಿಗಳು. ಬೆನ್ನ ಮೇಲೂ ಬಿಳಿ ಗೆರೆ ಇದ್ದರೆ ಬಾಲಪೊರೆಯ ಅಂಚು ನೋಡಿ: ದಟ್ಟ ಕೂದಲ ಜಾಲರಿ ಇದ್ದರೆ ಪ್ಲಾಟಿರೈನಸ್, ಬೋಳಾಗಿದ್ದರೆ ಹೆಚ್ಚಾಗಿ ಯೂರೊಡರ್ಮಾ. ಬೆನ್ನಗೆರೆ ಇಲ್ಲದ ದೊಡ್ಡವು ಆರ್ಟಿಬಿಯಸ್. ಆರ್ಟಿಬಿಯಸ್ ಲಿಟುರಾಟಸ್‌ಗೆ ಎದ್ದು ಕಾಣುವ ಮುಖಪಟ್ಟೆ, ಕಾಲು ಮತ್ತು ಬಾಲಪೊರೆಯ ಮೇಲೆ ಕೂದಲು, ಮುಂಗೈ ಸಾಮಾನ್ಯವಾಗಿ 65 ಮಿಲಿಮೀಟರಿಗಿಂತ ಮೇಲೆ. ಜಮೈಸೆನ್ಸಿಸ್‌ಗೆ ಪಟ್ಟೆ ಮಾಸಲು, ಬಾಲಪೊರೆ ಬಹುತೇಕ ಬೋಳು, ಮುಂಗೈ ಕಿರಿದು. ಪಟ್ಟೆಯಿಲ್ಲದೆ, ಬಾಲಪೊರೆಯೂ ಇಲ್ಲವೆನ್ನುವಷ್ಟಿದ್ದು ಕಾಲೆಲ್ಲ ಕೂದಲಾಗಿದ್ದರೆ ಸ್ಟರ್ನಿರಾ. ಗಂಡುಗಳ ಭುಜದಲ್ಲಿ ಕೆಂಗಿತ್ತಳೆ ಕಲೆ ಇರುವುದುಂಟು.

ಮೂತಿ ಉದ್ದ, ಕೆಳತುಟಿಯ ನಡುವೆ ತೋಡು, ನಾಲಿಗೆ ಚಾಚಿದರೆ ಮುಗಿಯುವುದೇ ಇಲ್ಲವೆನಿಸಿದರೆ ಮಕರಂದಪಾಯಿ. ಇಲ್ಲಿ ಎರಡು ಉಪಕುಟುಂಬಗಳು. ಗ್ಲಾಸೊಫಜಿನೆಯ ನಾಲಿಗೆಯ ತುದಿಯಲ್ಲಿ ಕೂದಲಿನಂಥ ಮುಳ್ಳುಗಳು, ಕುಡಿಯುವಾಗ ರಕ್ತ ತುಂಬಿ ನಿಮಿರುತ್ತವೆ. ಲೊಂಕೊಫಿಲಿನೆಯ ನಾಲಿಗೆಯ ಎರಡೂ ಬದಿಗೆ ತೆರೆದ ಕಾಲುವೆಗಳು, ರಸ ಅವುಗಳಲ್ಲಿ ಮೇಲೇರುತ್ತದೆ. ಕ್ಷೇತ್ರದಲ್ಲಿ ಹಲ್ಲು ನೋಡುವುದು ಸುಲಭ: ಕೆಳಗಿನ ಬಾಚಿಹಲ್ಲು ಇಲ್ಲದಿದ್ದರೆ ಅನೌರಾ, ಹೈಲೊನಿಕ್ಟೆರಿಸ್ ಮುಂತಾದವು. ಇದ್ದು ಒತ್ತೊತ್ತಾಗಿದ್ದರೆ ಗ್ಲಾಸೊಫಗಾ ಸೊರಿಸಿನಾ ಬಳಗ, ಸಣ್ಣದಾಗಿ ಸಂದು ಬಿಟ್ಟಿದ್ದರೆ ಗ್ಲಾಸೊಫಗಾ ಕಮಿಸಾರಿಸಿ. ಎಕ್ವಡಾರಿನ ಮೋಡಕಾಡಿನಲ್ಲಿ 2005ರಲ್ಲಿ ಹೆಸರು ಪಡೆದ ಅನೌರಾ ಫಿಸ್ಟುಲಾಟಾದ ನಾಲಿಗೆ ಎಂಟೂವರೆ ಸೆಂಟಿಮೀಟರ್ ಚಾಚುತ್ತದೆ, ಅದರ ದೇಹಕ್ಕಿಂತ ಒಂದೂವರೆ ಪಟ್ಟು. ಅಷ್ಟುದ್ದವನ್ನು ಎದೆಗೂಡಿನೊಳಗೆ ಮಡಿಸಿಟ್ಟುಕೊಳ್ಳುತ್ತದೆ. ಸೆಂಟ್ರೊಪೊಗಾನ್ ನೈಗ್ರಿಕಾನ್ಸ್ ಹೂವಿನ ಉದ್ದನೆಯ ಕೊಳವೆಗೆ ತಕ್ಕ ಏರ್ಪಾಡು.

ಬಾಲ ಮೋಟಾಗಿದ್ದು, ಗಲ್ಲದ ಮೇಲೆ ನಡುವೆ ಒಂದು ದೊಡ್ಡ ಗಂಟು, ಅದರ ಸುತ್ತ ಇಂಗ್ಲಿಷಿನ ವಿ ಆಕಾರದಲ್ಲಿ ಸಣ್ಣ ಗಂಟುಗಳಿದ್ದರೆ ಕರೋಲಿಯಾ. ಕಾಡಿನ ಅಂಚಿನಲ್ಲಿ ನಿಮಗೆ ಅತಿ ಹೆಚ್ಚು ಬೀಳುವುದು ಇದೇ. ಮಧ್ಯ ಅಮೆರಿಕದಲ್ಲಿ ಮುಂಗೈ 38ಕ್ಕಿಂತ ಕಡಿಮೆಯಿದ್ದು ಮೈ ಕಂದುಗೆಂಪಾದರೆ ಕರೋಲಿಯಾ ಕಸ್ಟಾನಿಯಾ, 42 ದಾಟಿದರೆ ಕರೋಲಿಯಾ ಪರ್ಸ್ಪಿಸಿಲಾಟಾ. ನಡುವಿನದು, ಮುಂಗೈ ಮೇಲೆ ಕೂದಲಿದ್ದು ಬೆನ್ನಿನ ರೋಮದಲ್ಲಿ ಸ್ಪಷ್ಟ ಪಟ್ಟಿಗಳಿದ್ದರೆ ಕರೋಲಿಯಾ ಸೊವೆಲಿ. ನಿರ್ಧರಿಸಲಾಗದಿದ್ದರೆ ಕರೋಲಿಯಾ ಎಂದಷ್ಟೇ ಬರೆದು ಅಳತೆ ಉಳಿಸಿ, ಬಲವಂತದ ಹೆಸರು ಬೇಡ.

ಕಿವಿಯೂ ಮೂಗೆಲೆಯೂ ದೊಡ್ಡದಾಗಿದ್ದರೆ ಎಲೆಯ ಮೇಲಿಂದ ಬೇಟೆ ಹೆಕ್ಕುವ ಗುಂಪು. ಎರಡು ಕಿವಿಗಳನ್ನು ನೆತ್ತಿಯ ಮೇಲೆ ಚರ್ಮದ ಪಟ್ಟಿ ಜೋಡಿಸಿದ್ದು, ಬಾವಲಿ ಸಣ್ಣದಾಗಿದ್ದರೆ ಮೈಕ್ರೊನಿಕ್ಟೆರಿಸ್. ತುಟಿ, ಗಲ್ಲದ ತುಂಬ ಗಂಟುಗಳಿದ್ದರೆ ಕಪ್ಪೆ ಹಿಡಿಯುವ ಟ್ರಾಕಾಪ್ಸ್ ಸಿರೋಸಸ್, ಅದು ಗಂಡು ತುಂಗಾರಾ ಕಪ್ಪೆಗಳ ಕೂಗನ್ನೇ ಹಿಂಬಾಲಿಸಿ ಬರುತ್ತದೆ. ಮುಂಗೈ 100 ಮಿಲಿಮೀಟರಿನ ಹತ್ತಿರವಿದ್ದು ಬಾಲವಿಲ್ಲದಿದ್ದರೆ ಅಮೆರಿಕದ ಅತಿದೊಡ್ಡ ಬಾವಲಿ ವ್ಯಾಂಪೈರಂ ಸ್ಪೆಕ್ಟ್ರಂ. ಹೆಸರಿನಲ್ಲಿ ರಕ್ತಪಾಯಿಯ ನೆರಳಿದ್ದರೂ ತಿನ್ನುವುದು ಹಕ್ಕಿ, ಇಲಿಗಳನ್ನು. ಈ ಹೆಕ್ಕುವ ಗುಂಪು ಕಡಿದ ಕಾಡಿನಲ್ಲಿ ಬೇಗ ಮಾಯವಾಗುತ್ತದೆ, ಅದಕ್ಕೇ ಕಾಡಿನ ಸ್ಥಿತಿ ಅಳೆಯಲು ಇವುಗಳ ಸಂಖ್ಯೆಯನ್ನು ನೋಡುತ್ತಾರೆ.

ರಕ್ತಪಾಯಿಗಳು ಮೂರೇ. ಡೆಸ್ಮೋಡಸ್ ರೊಟುಂಡಸ್‌ಗೆ ತಳದಲ್ಲಿ ಮೆತ್ತೆಗಳಿರುವ ಉದ್ದ ಹೆಬ್ಬೆರಳು, ಅದನ್ನೂರಿ ನೆಲದ ಮೇಲೆ ಕುಪ್ಪಳಿಸುತ್ತದೆ. ಡಯೇಮಸ್ ಯಂಗಿಯ ರೆಕ್ಕೆತುದಿ ಬಿಳಿ. ಡಿಫಿಲಾ ಎಕೌಡಾಟಾಗೆ ದೊಡ್ಡ ಕಣ್ಣು, ಕೂದಲ ಕಾಲು. ಕೊನೆಯ ಎರಡು ಹೆಚ್ಚಾಗಿ ಹಕ್ಕಿಗಳ ರಕ್ತಕ್ಕೆ ಹೋಗುತ್ತವೆ.

ವೆಸ್ಪರ್ಟಿಲಿಯೊನಿಡೆಯ ಮಯೋಟಿಸ್‌ಗಳನ್ನು ಕೈಯಲ್ಲಿ ಹಿಡಿದು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಅಳತೆ, ಚಿತ್ರ, ಬಿಟ್ಟಾಗಿನ ಧ್ವನಿ, ಅನುಮತಿಯಿದ್ದರೆ ರೆಕ್ಕೆಯಿಂದ 3 ಮಿಲಿಮೀಟರಿನ ಅಂಗಾಂಶದ ಬಿಲ್ಲೆಯನ್ನು 95 ಶೇಕಡಾ ಎಥೆನಾಲಿನಲ್ಲಿ ಇಟ್ಟುಕೊಂಡು ಮುಂದೆ ಹೋಗಿ. ಆ ತೂತು ಕೆಲವು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ.

ಚೀಲದ ತಳದಲ್ಲಿ ಸಿಗುವ ಪರಿಸರಶಾಸ್ತ್ರ

ಬಾವಲಿ ಬಿಟ್ಟ ಮೇಲೆ ಚೀಲವನ್ನು ಒಗೆದುಬಿಡಬೇಡಿ, ಒಳಮಗ್ಗುಲು ತಿರುಗಿಸಿ ಹಿಕ್ಕೆ ಹೆಕ್ಕಿ. ಹಣ್ಣುತಿನ್ನಿಗಳ ಕರುಳಿನಲ್ಲಿ ಬೀಜ ಅರ್ಧ ಗಂಟೆಯೊಳಗೇ ಹಾದುಬಿಡುವುದರಿಂದ ಚೀಲದಲ್ಲಿ ಅದು ಸಿಗುವ ಸಂಭವ ಹೆಚ್ಚು. ಕಾಗದದ ಲಕೋಟೆಯಲ್ಲಿ ಒಣಗಿಸಿ, ಬಾವಲಿಯ ಕ್ರಮಸಂಖ್ಯೆ ಬರೆಯಿರಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಮರುದಿನಕ್ಕೆ ಬೂಷ್ಟು. ಕರೋಲಿಯಾ ಬಂದಿದ್ದರೆ ಪೈಪರ್, ವಿಸ್ಮಿಯಾ ಬೀಜ, ಸ್ಟರ್ನಿರಾ ಆದರೆ ಬದನೆಯ ಬಳಗದ ಸೊಲಾನಮ್, ಆರ್ಟಿಬಿಯಸ್ ಆದರೆ ಅತ್ತಿ, ಸೆಕ್ರೋಪಿಯಾ ಎಂಬುದು ಮೊದಲ ಊಹೆಯಾಗಿರಲಿ. ಕಡಿದ ಜಾಗದಲ್ಲಿ ಮೊದಲು ತಲೆಯೆತ್ತುವ ಗಿಡಗಳು ಇವೇ ಆದ್ದರಿಂದ, ಈ ಲಕೋಟೆಗಳು ಕಾಡು ಮರಳಿ ಬೆಳೆಯುವುದರ ದಾಖಲೆಯೂ ಹೌದು. ಮಕರಂದಪಾಯಿಗಳ ತಲೆ, ಎದೆಯ ರೋಮಕ್ಕೆ ಪಾರದರ್ಶಕ ಟೇಪ್ ಮೆಲ್ಲಗೆ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿದರೆ ಪರಾಗದ ಮಾದರಿ ಸಿದ್ಧ. ಒಂದು ಬಾವಲಿಗೆ ಬಳಸಿದ ಚೀಲವನ್ನು ಒಗೆಯದೆ ಇನ್ನೊಂದಕ್ಕೆ ಬಳಸಿದರೆ ಈ ಎಲ್ಲ ಲೆಕ್ಕ ಕಲಸಿಹೋಗುತ್ತದೆ.

ಬಲೆಗೆ ಬೀಳದವನ್ನು ಕೇಳುವುದು, ಹುಡುಕುವುದು

ಫಿಲ್ಲೊಸ್ಟೊಮಿಡೆಯವು ಮೆಲುದನಿಯಲ್ಲಿ ಕೂಗುತ್ತಾ ಕಾಡೊಳಗೆ ತಗ್ಗಿನಲ್ಲಿ ಹಾರುತ್ತವೆ, ಬಲೆಗೆ ಬೀಳುತ್ತವೆ. ಬಯಲಿನಲ್ಲಿ, ಮರಗಳ ಮೇಲೆ ಕೀಟ ಹಿಡಿಯುವ ಎಂಬಲನ್ಯೂರಿಡೆ, ಮೊಲೊಸಿಡೆ, ವೆಸ್ಪರ್ಟಿಲಿಯೊನಿಡೆ ಗಟ್ಟಿದನಿಯಲ್ಲಿ ಕೂಗುತ್ತವೆ, ಬಲೆಯ ನೂಲನ್ನು ಪ್ರತಿಧ್ವನಿಯಲ್ಲೇ ಕಂಡು ತಪ್ಪಿಸಿಕೊಳ್ಳುತ್ತವೆ. ಧ್ವನಿಗ್ರಾಹಕ ಇದನ್ನು ತಿರುವುಮುರುವಾಗಿಸುತ್ತದೆ: ಎರಡನೆಯ ಗುಂಪನ್ನು ಚೆನ್ನಾಗಿ ಹಿಡಿಯುತ್ತದೆ, ಮೊದಲನೆಯದರ ಕೂಗು ಸಿಕ್ಕರೂ ಪ್ರಭೇದ ಬಿಡಿಸಲಾಗದಷ್ಟು ಒಂದರಂತೆ ಇನ್ನೊಂದು. ಎರಡೂ ಬೇಕೆನ್ನುವುದು ಇದಕ್ಕೆ.

ಯಂತ್ರವನ್ನು ಸೆಕೆಂಡಿಗೆ 384 ಸಾವಿರ ಮಾದರಿಯ ದರಕ್ಕೆ ಇಡಿ. ದಾಖಲಾಗುವ ಆವರ್ತನ ಈ ದರದ ಅರ್ಧದವರೆಗೆ ಮಾತ್ರ. 256 ಸಾವಿರಕ್ಕೆ ಇಟ್ಟರೆ ಮಿತಿ 128 ಕಿಲೊಹರ್ಟ್ಸ್, ಆಗ 150ರ ಆಸುಪಾಸಿನಲ್ಲಿ ಕೂಗುವ ಫ್ಯುರಿಪ್ಟೆರಸ್ ಕೈತಪ್ಪುತ್ತದೆ. ಆದರೆ ಜಾಗದ ಲೆಕ್ಕವನ್ನೂ ಹಾಕಿ. 16 ಬಿಟ್‌ನಲ್ಲಿ 384 ಸಾವಿರ ಎಂದರೆ ಗಂಟೆಗೆ ಸುಮಾರು 2.8 ಗಿಗಾಬೈಟ್, 12 ಗಂಟೆಗೆ 33. ಅಂದರೆ 64ರ ಕಾರ್ಡಿಗೆ ಎರಡು ರಾತ್ರಿಯೂ ಹಿಡಿಸುವುದಿಲ್ಲ. ಶಬ್ದ ಬಂದಾಗ ಮಾತ್ರ ಚಾಲೂ ಆಗುವಂತೆ ಇಡುವವರು, ಮಳೆಕಾಡಿನ ಹಸಿರು ಮಿಡತೆಗಳು ರಾತ್ರಿಯಿಡೀ ಶ್ರವಣಾತೀತದಲ್ಲೇ ಕಿರುಚುತ್ತವೆಂಬುದನ್ನು ಮರೆಯುತ್ತಾರೆ, ಬೆಳಗಾದರೆ ಕಾರ್ಡಿನ ತುಂಬ ಮಿಡತೆ. ಪ್ರತಿ 15 ನಿಮಿಷದಲ್ಲಿ ಒಂದೆರಡು ನಿಮಿಷ ದಾಖಲಿಸುವ ವೇಳಾಪಟ್ಟಿ ಹೆಚ್ಚು ನೆಮ್ಮದಿ. ಮೈಕನ್ನು ಎರಡುಮೂರು ಮೀಟರ್ ಎತ್ತರದಲ್ಲಿ, ಎಲೆಗಳಿಂದ ದೂರ, ತೊರೆ ಅಥವಾ ತೆರವಿನ ಕಡೆ ಮುಖಮಾಡಿ ನಿಲ್ಲಿಸಿ.

ಮೊದಲ ದಿನಗಳಲ್ಲಿ ಸುಲಭವಾದವನ್ನು ಕಲಿಯಿರಿ. ಸ್ಯಾಕ್ಕೊಪ್ಟೆರಿಕ್ಸ್ ಬೈಲಿನಿಯಾಟಾ 45 ಮತ್ತು 48 ಕಿಲೊಹರ್ಟ್ಸ್‌ಗಳ ನಡುವೆ ಸರದಿಯಂತೆ ಜಿಗಿಯುತ್ತದೆ. ಕಾರ್ಮೂರಾ ಬ್ರೆವಿರೋಸ್ಟ್ರಿಸ್ ಮೂರು ಸ್ವರಗಳನ್ನು ಮೆಟ್ಟಿಲಿನಂತೆ ಏರಿಸುತ್ತದೆ. ರಿಂಕೊನಿಕ್ಟೆರಿಸ್ ನಾಸೊ ನೀರಿನ ಮೇಲೆ 100ರ ಹತ್ತಿರ. ಟೆರೊನೋಟಸ್ ಪಾರ್ನೆಲಿ ಗುಂಪಿನದು 60ರಿಂದ 65ರ ನಡುವೆ ಉದ್ದನೆಯ ಒಂದೇ ಸ್ಥಿರ ಗೆರೆ. ನಮ್ಮ ಕುದುರೆಲಾಳ ಬಾವಲಿಗಳ ದಾಖಲೆ ನೋಡಿದ್ದವರಿಗೆ ಅದು ಪರಿಚಿತ ಎನಿಸುತ್ತದೆ, ನಂಟಿಲ್ಲದಿದ್ದರೂ ಎರಡೂ ಅದೇ ತಂತ್ರವನ್ನು ಕಂಡುಕೊಂಡಿವೆ.

ಹಗಲು ಹುಡುಕಾಟಕ್ಕೆ ಯಂತ್ರ ಬೇಡ. ಬಾಳೆಯಂಥ ಗಿಡವಾದ ಹೆಲಿಕೋನಿಯಾದ ದೊಡ್ಡ ಎಲೆಯ ನಡುನರದ ಇಕ್ಕೆಲ ಕಚ್ಚಿ, ಎಲೆ ಡೇರೆಯಂತೆ ಬಾಗಿದ್ದರೆ ಕೆಳಗಿನಿಂದ ನೋಡಿ, ಕೋಸ್ಟರಿಕಾದಲ್ಲಿ ಐದಾರು ಗ್ರಾಮಿನ ಬಿಳಿ ಎಕ್ಟೊಫಿಲಾ ಆಲ್ಬಾ ಇರಬಹುದು. ತೆಂಗು, ತಾಳೆ ಗರಿಯ ಡೇರೆಯಲ್ಲಿ ಯೂರೊಡರ್ಮಾ. ಎಲೆಯನ್ನು ಮುಟ್ಟಬೇಡಿ, ಅಲುಗಿದರೆ ಗುಂಪು ಚದುರುತ್ತದೆ. ಇನ್ನೂ ಬಿಚ್ಚದೆ ಸುರುಳಿಯಾಗಿ ನಿಂತ ಎಳೆ ಎಲೆಯ ಬಾಯಿಗೆ ಇಣುಕಿದರೆ ತಲೆ ಮೇಲಾಗಿ ಕೂತ ಥೈರಾಪ್ಟೆರಾ ಸಿಕ್ಕೀತು. ಎಲೆ ಬಿಚ್ಚಿಕೊಂಡ ಕೂಡಲೇ ಮನೆ ಬದಲಿಸುವುದರಿಂದ ನಿನ್ನೆಯ ಜಾಗದಲ್ಲಿ ಇಂದು ಹುಡುಕಿ ಫಲವಿಲ್ಲ. ಹೊಳೆಯ ಮೇಲೆ ಬಾಗಿದ ದಿಮ್ಮಿಯಲ್ಲಿ ಒಂದರ ಹಿಂದೊಂದು ನೇರ ಸಾಲಾಗಿ ಅಂಟಿಕೊಂಡವು ರಿಂಕೊನಿಕ್ಟೆರಿಸ್. ಗೆದ್ದಲಿನ ಜೀವಂತ ಗೂಡಿನ ತಳದಲ್ಲಿ ತೂತಿದ್ದರೆ ಲೋಫೊಸ್ಟೊಮಾ ಸಿಲ್ವಿಕೋಲಮ್ ಕೊರೆದ ಕೋಣೆ. ಸೇತುವೆ, ಮೋರಿಗಳ ಕೆಳಗೆ ಕರೋಲಿಯಾ, ಗ್ಲಾಸೊಫಗಾ. ತಗಡಿನ ಮಾಡಿನ ಸಂದಿನಿಂದ ಹೊರಡುವ ಮೊಲೊಸಸ್ ಮೊಲೊಸಸ್ ನೋಡಬೇಕಿದ್ದರೆ ಸೂರ್ಯಾಸ್ತಕ್ಕೇ ಅಲ್ಲಿರಿ, ಗಂಟೆಯೊಳಗೆ ಅದರ ಊಟ ಮುಗಿದು ಮರಳಿರುತ್ತದೆ.

ಲೆಕ್ಕ ಬರೆಯುವುದು

ಎಷ್ಟು ಬಾವಲಿ ಸಿಕ್ಕವು ಎಂಬುದರ ಪಕ್ಕದಲ್ಲಿ ಎಷ್ಟು ಪ್ರಯತ್ನಕ್ಕೆ ಎಂದಿರದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. 12 ಮೀಟರ್ ಉದ್ದ, 2.5 ಮೀಟರ್ ಎತ್ತರದ ಬಲೆ 30 ಚದರ ಮೀಟರ್. ಆರು ಬಲೆ ಆರು ಗಂಟೆ ತೆರೆದಿದ್ದರೆ 1080 ಚದರ ಮೀಟರ್ ಗಂಟೆ. ಆ ರಾತ್ರಿ 54 ಬಾವಲಿ ಬಿದ್ದಿದ್ದರೆ 100 ಚದರ ಮೀಟರ್ ಗಂಟೆಗೆ ಐದರ ದರ. ಮಳೆಗೆ ಒಂದು ಗಂಟೆ ಮುಚ್ಚಿದ್ದರೆ ಆ ಗಂಟೆಯನ್ನು ಕಳೆಯಬೇಕು. ಬಲೆಯ ಲೆಕ್ಕ, ಧ್ವನಿಯ ಲೆಕ್ಕ, ಹಗಲು ಹುಡುಕಾಟದ ಲೆಕ್ಕ ಮೂರಕ್ಕೂ ಬೇರೆಬೇರೆ ಕಾಲಂ ಇರಲಿ. ಧ್ವನಿಯಲ್ಲಿ ನೂರು ಸಲ ಕೇಳಿದ್ದು ನೂರು ಬಾವಲಿಯಲ್ಲ, ಒಂದೇ ಬಾವಲಿ ನೂರು ಸಲ ಹಾದಿರಬಹುದು.

ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಮಧ್ಯ ಅಮೆರಿಕದ ಹಳೆಯ ಪಟ್ಟಿಗಳಲ್ಲಿ ಸ್ಟರ್ನಿರಾ ಲಿಲಿಯಮ್ ಎಂದಿರುವುದು ಈಗ ಸ್ಟರ್ನಿರಾ ಪಾರ್ವಿಡೆನ್ಸ್. ಅಲ್ಲಿನ ಕರೋಲಿಯಾ ಬ್ರೆವಿಕೌಡಾ 2002ರಲ್ಲಿ ಕರೋಲಿಯಾ ಸೊವೆಲಿ ಆಯಿತು. ಟೆರೊನೋಟಸ್ ಪಾರ್ನೆಲಿ ಎಂದು ಕರೆಯುತ್ತಿದ್ದದ್ದು ಮಧ್ಯ ಅಮೆರಿಕದಲ್ಲಿ ಟೆರೊನೋಟಸ್ ಮೆಸೊಅಮೆರಿಕಾನಸ್. ಗ್ಲಾಸೊಫಗಾ ಸೊರಿಸಿನಾವನ್ನೂ ಒಡೆದಿದ್ದಾರೆ. ಸಣ್ಣ ಆರ್ಟಿಬಿಯಸ್‌ಗಳನ್ನು ಕೆಲವರು ಡರ್ಮನೂರಾ ಎಂಬ ಬೇರೆ ಕುಲದಲ್ಲಿಡುತ್ತಾರೆ. ಆದ್ದರಿಂದ ಯಾವ ಕೀಲಿ (ಲಕ್ಷಣಗಳಿಂದ ಪ್ರಭೇದ ಗುರುತಿಸುವ ಪಟ್ಟಿ) ಬಳಸಿ ಗುರುತಿಸಿದಿರಿ, ಅದರ ವರ್ಷ ಯಾವುದು ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆಯಿರಿ. ಪ್ರತಿ ಬಾವಲಿಯ ಎದುರು ಮುಂಗೈ, ತೂಕ, ಲಿಂಗ, ವಯಸ್ಸು, ಸ್ಥಳದ ನಿರ್ದೇಶಾಂಕ, ಎತ್ತರ ಇರಲಿ. ಮುಖ, ಬೆನ್ನು, ಬಾಲಪೊರೆ, ಹಲ್ಲು ಈ ನಾಲ್ಕರ ಚಿತ್ರ ಕ್ರಮಸಂಖ್ಯೆಯ ಚೀಟಿಯೊಂದಿಗೆ ತೆಗೆದಿರಲಿ. ಮುಂದೆ ಯಾರೋ ಒಂದು ಪ್ರಭೇದವನ್ನು ಮೂರಾಗಿ ಒಡೆದಾಗ, ನಿಮ್ಮ ಹಳೆಯ ಸಾಲು ಯಾವ ತುಂಡಿಗೆ ಸೇರಬೇಕೆಂದು ಹೇಳಬಲ್ಲದ್ದು ಆ ಅಳತೆ ಮತ್ತು ಚಿತ್ರಗಳು ಮಾತ್ರ.